ನಾಲ್ಕನೆಯ ಸಾಲ ಯಾರದು?

ಮೂವತ್ತಮೂರನೆಯ ವಯಸ್ಸಿಗೆ ನಿವೃತ್ತಿಯ ನೆನಪು ಬರೆಯಲು ಕುಳಿತವನನ್ನು ನೀವು ಅನುಮಾನದಿಂದ ನೋಡುವುದು ಸರಿಯೇ. ನಿಮ್ಮ ಜಾಗದಲ್ಲಿದ್ದರೆ ನಾನೂ ಹಾಗೇ ನೋಡುತ್ತಿದ್ದೆ. ಆದರೆ ನಿವೃತ್ತನಾಗಲು ಕೂದಲು ನೆರೆತಿರಬೇಕು ಎಂದು ಎಲ್ಲಿ ಬರೆದಿದೆ, ತೋರಿಸಿ. ಹಾವೇರಿಯ ಒಂದು ಸಣ್ಣ ಸಾಲ ಸಲಹಾ ಕೇಂದ್ರದಲ್ಲಿ ಒಂಬತ್ತು ವರ್ಷ ಸಲಹೆಗಾರನಾಗಿದ್ದೆ. ಅದರ ನಡುವೆಯೇ ಕಾನೂನು ಓದಿ ಮುಗಿಸಿದೆ, ವಕೀಲಿಯ ಸನದು ಬಂತು. ವಕೀಲನಾದವನು ಆ ಕುರ್ಚಿಯಲ್ಲಿ ಕೂರುವಂತಿಲ್ಲ ಎಂಬುದು ಕೇಂದ್ರದ ನಿಯಮ. ಬಂದವರೆಲ್ಲ ಅವನ ಕಣ್ಣಿಗೆ ಕಕ್ಷಿದಾರರಾಗಿ ಕಾಣತೊಡಗುತ್ತಾರೆ ಎಂಬ ಭಯ. ಈ ನಿಯಮದ ವಿರುದ್ಧ ಎರಡು ದಿನ ವಾದಿಸಿದೆ. ಸೋತೆ. ಎದ್ದು ಬಂದೆ. ಈಗ ಆ ಕುರ್ಚಿ ಖಾಲಿಯಿದೆ. ಅದರಲ್ಲಿ ಕೂರಲಿರುವ ನಿಮಗಾಗಿ ಇದನ್ನು ಬರೆಯುತ್ತಿದ್ದೇನೆ.

ಸಂಬಳ ಎಷ್ಟು, ಬಡ್ತಿ ಯಾವಾಗ ಎಂದು ಕೇಳಬೇಡಿ. ಸಂಬಳ ಕಡಿಮೆ, ಬಡ್ತಿ ಇಲ್ಲ. ನಾವು ಯಾರಿಗೂ ಹಣ ಕೊಡುವುದಿಲ್ಲ, ಯಾರ ಸಾಲವನ್ನೂ ಮನ್ನಾ ಮಾಡುವುದಿಲ್ಲ. ಮೊದಲ ದಿನ ಇದನ್ನು ಕೇಳಿದಾಗ ನನಗೆ ನಗು ಬಂದಿತ್ತು. ಹಾಗಾದರೆ ಮಾಡುವುದೇನು? ಧಾರವಾಡದ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಢಾಲು ಗೆದ್ದು ಬಂದವನು ನಾನು. ಯಾವ ವಿಷಯ ಕೊಟ್ಟರೂ ಪರವಾಗಿಯೂ ವಿರುದ್ಧವಾಗಿಯೂ ಆರು ನಿಮಿಷ ಮಾತನಾಡಬಲ್ಲೆ. ಮಾತಿನಿಂದ ಸಾಲ ತೀರುತ್ತದೆಯೇ ಎಂಬ ವಿಷಯದ ಮೇಲೆ, ತೀರುವುದಿಲ್ಲ ಎಂಬ ಪಕ್ಷವನ್ನು ಹಿಡಿದೇ ನಾನು ಆ ಕೋಣೆಯೊಳಗೆ ಕಾಲಿಟ್ಟದ್ದು.

ಒಳಗೆ ಖೈರುನ್ನಿಸಾ ಮೇಡಂ ಕೂತಿದ್ದರು. ಊರಿಗೆಲ್ಲ ಅವರು ಆಪಾ, ಅಂದರೆ ಅಕ್ಕ. ಹಿಂದೂ ಮುಸ್ಲಿಂ ಎನ್ನದೆ ಎಲ್ಲರೂ ಹಾಗೇ ಕರೆಯುತ್ತಿದ್ದರು. ಮೂವತ್ತು ವರ್ಷ ಒಂದು ಸಹಕಾರಿ ಬ್ಯಾಂಕಿನ ವಸೂಲಿ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಅಂದರೆ, ಸಾಲಗಾರರ ಮನೆ ಬಾಗಿಲು ಬಡಿದೇ ಪಿಂಚಣಿ ಗಳಿಸಿದವರು. ಇದು ನನಗೆ ದೊಡ್ಡ ಅಸ್ತ್ರವಾಗಿ ಕಂಡಿತು. ಮೊದಲ ವಾರವೇ ಪ್ರಯೋಗಿಸಿದೆ.

"ಆಪಾ, ಮೂವತ್ತು ವರ್ಷ ವಸೂಲಿ ಮಾಡಿ ಈಗ ಈ ಕಡೆ ಬಂದು ಕುಂತೀರಿ. ಇದು ಪ್ರಾಯಶ್ಚಿತ್ತ ಏನ್ರಿ?"

ಅವರು ಕನ್ನಡಕ ಒರೆಸುತ್ತಿದ್ದವರು ತಲೆ ಎತ್ತಲಿಲ್ಲ. "ಇಲ್ಲೋ. ನನಗ ಬರೂದು ಒಂದ ಕೆಲಸ, ಬಾಗಲಾ ಬಡಿಯೂದು. ಆವಾಗ ಬ್ಯಾಂಕಿನ ಸಲುವಾಗಿ ಬಡೀತಿದ್ದೆ. ಈಗ ಇವರ ಸಲುವಾಗಿ ಬಡೀತೇನಿ. ಹೋಗು, ಚಾ ಹೇಳಿ ಬಾ, ವಕೀಲಾ."

ಆಗಿನ್ನೂ ಕಾನೂನು ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ ನಾನು. ಆ ದಿನದಿಂದಲೇ ನನ್ನ ಹೆಸರು ವಕೀಲ.

ಅವರ ಕೆಲಸದ ರೀತಿ ಹೇಳುತ್ತೇನೆ. ನಿಮಗೆ ಬೇಕಾದದ್ದು ಅದೇ. ಯಾರಾದರೂ ಬಂದು ಎದುರು ಕೂತು, ಚೀಲದಿಂದ ಕಾಗದ ಸುರಿದು ಅಳಲು ಶುರುಮಾಡಿದರೆ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ, "ಒಟ್ಟು ಸಾಲ ಎಷ್ಟು?" ಆಪಾ ಆ ಪ್ರಶ್ನೆಯನ್ನು ಒಂದು ತಾಸು ಕಳೆದರೂ ಕೇಳುತ್ತಿರಲಿಲ್ಲ. ಹಳೆಯ ಗೋಡೆ ಕ್ಯಾಲೆಂಡರಿನ ಹಾಳೆ ಹರಿದು, ಅದರ ಬೆನ್ನ ಮೇಲೆ ಏಳು ಚೌಕ ಬರೆಯುತ್ತಿದ್ದರು. ಸೋಮವಾರದಿಂದ ಭಾನುವಾರ. "ಸೋಮವಾರ ನಿಮ್ಮ ಬಾಗಲಿಗೆ ಯಾರ್ ಬರ್ತಾರ? ಎಷ್ಟ್ ಒಯ್ತಾರ? ಅವತ್ತ ಒಲಿ ಮ್ಯಾಲ ಏನ್ ಕುದೀತಿತ್ತು?" ಹೀಗೆ ಒಂದೊಂದೇ ದಿನ. ವಾರದ ಹಾಳೆ ಎಂದು ಅದಕ್ಕೆ ಹೆಸರು.

"ಆಪಾ, ಒಟ್ಟು ಮೊತ್ತ ಗೊತ್ತಿಲ್ದ ಪರಿಹಾರ ಹೆಂಗ ಹೇಳ್ತೀರಿ? ತರ್ಕ ಇಲ್ಲ ಇದರಾಗ."

"ಒಟ್ಟು ಕೇಳಿದ್ರ ಅವರು ಸುಳ್ಳ ಹೇಳ್ತಾರ. ಅವರಿಗೂ ಗೊತ್ತಿರೂದಿಲ್ಲ, ಗೊತ್ತಿದ್ರೂ ಹೇಳಾಕ ನಾಚಿಕಿ. ಸೋಮವಾರ ಏನಾತು ಅಂದ್ರ ಯಾರೂ ಸುಳ್ಳ ಹೇಳಂಗಿಲ್ಲ."

ಆಧಾರ ಏನು ಎಂದು ಕೇಳಿದೆ. "ಬಾಗಲಾ," ಎಂದರು. ಅಷ್ಟೇ. ಆರು ತಿಂಗಳು ನಾನೇ ಗುಟ್ಟಾಗಿ ಲೆಕ್ಕ ಇಟ್ಟೆ. ಅವರ ಎದುರು ಕೂತವರು ಹೇಳಿದ್ದೆಷ್ಟು, ಆಮೇಲೆ ಕಾಗದಗಳಲ್ಲಿ ಕಂಡದ್ದೆಷ್ಟು. ನನ್ನ ಎದುರು ಕೂತವರು ಹೇಳಿದ್ದೆಷ್ಟು, ಕಂಡದ್ದೆಷ್ಟು. ಫಲಿತಾಂಶ ಇಲ್ಲಿ ಬರೆಯುವುದಿಲ್ಲ, ನನಗೂ ಸ್ವಲ್ಪ ಮರ್ಯಾದೆ ಇರಲಿ. ಆರು ತಿಂಗಳಾದ ಮೇಲೆ ನಾನೂ ಹಳೆಯ ಕ್ಯಾಲೆಂಡರು ಕೂಡಿಡತೊಡಗಿದೆ.

ಕೆಲಸ ಈ ಒಂಬತ್ತು ವರ್ಷಗಳಲ್ಲಿ ಬಹಳ ಬದಲಾಯಿತು. ನಾನು ಸೇರಿದಾಗ ಸಾಲ ಬೈಕಿನ ಮೇಲೆ ಬರುತ್ತಿತ್ತು. ಹೆಗಲಿಗೆ ಚೀಲ ಹಾಕಿಕೊಂಡವನೊಬ್ಬ ಓಣಿಯಲ್ಲಿ ಇಳಿಯುತ್ತಿದ್ದ. ಆಮೇಲೆ ಲಾಕ್‌ಡೌನ್ ಬಂತು. ಅಂಗಡಿಗಳು ಬಾಗಿಲು ಹಾಕಿದವು, ಸಾಲ ಫೋನಿನೊಳಗೇ ಬರತೊಡಗಿತು. ಬೆರಳು ಒತ್ತಿದರೆ ಹಣ. ಕಟ್ಟದಿದ್ದರೆ ನಿಮ್ಮ ಫೋನಿನಲ್ಲಿ ಯಾರ ಯಾರ ಹೆಸರಿದೆಯೋ ಅವರಿಗೆಲ್ಲ ಬೈಗುಳ, ತಿದ್ದಿದ ಫೋಟೋ.

ರಾಣೆಬೆನ್ನೂರಿನ ಇಮ್ರಾನ್ ಬಂದದ್ದು ಹಾಗೆ. ಬಟ್ಟೆ ಅಂಗಡಿಯಲ್ಲಿ ಕೆಲಸ, ಹೊಸದಾಗಿ ಮದುವೆಯಾದವನು. ಅಂಗಡಿ ಅರ್ಧ ಸಂಬಳಕ್ಕೆ ಇಳಿದಾಗ ಆ್ಯಪ್‌ನಲ್ಲಿ ಸಾಲ ತೆಗೆದಿದ್ದ. ನಾಳೆ ಮಾವನಿಗೆ ಫೋಟೋ ಕಳಿಸುತ್ತೇವೆ ಎಂದು ಸಂದೇಶ ಬಂದಿತ್ತು. ನಾನು ಪೊಲೀಸ್ ದೂರು, ಸೈಬರ್ ಠಾಣೆ, ಕಲಮು ಎಂದು ಶುರುಮಾಡಿದೆ. ಅದೆಲ್ಲ ಬೇಕು, ಆಮೇಲೆ ಮಾಡಿದೆವು ಕೂಡ. ಆಪಾ ಮಾತ್ರ ಅವನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, "ಅವರು ಹೇಳೂಕಿಂತ ಮೊದ್ಲ ನೀನ ಹೇಳ್, ಬೇಟಾ. ಎಲ್ಲಾರಿಗೂ," ಎಂದರು.

ನಾನು ಹೌಹಾರಿದೆ. "ಅವನ ಮಾನ ಉಳಿಸಾಕ ಬಂದಾನ್ರಿ ಅವ. ನೀವು ಅವನ ಕೈಲೇ ಡಂಗುರ ಹೊಡಸಾಕತ್ತೀರಿ!"

"ಅವರ ಕೈಯಾಗ ಇರೂದು ಅದೊಂದ ಕಲ್ಲು. ಅದನ್ನ ಇವನ ಇಸಗೊಂಡ್ರ ಹೊಡಿಯಾಕ ಏನ್ ಉಳೀತೈತಿ?"

ಇಮ್ರಾನ್ ನಮ್ಮ ಕೋಣೆಯಲ್ಲೇ ಕೂತು ಫೋನಿನಲ್ಲಿದ್ದ ಪ್ರತಿಯೊಬ್ಬರಿಗೂ ಬರೆದ: ಸಾಲ ಮಾಡಿದ್ದೇನೆ, ಕೆಟ್ಟ ಫೋಟೋ ಬಂದರೆ ಅದು ನನ್ನದಲ್ಲ, ಅಳಿಸಿಬಿಡಿ. ಕಳಿಸಿ ಮುಗಿಸಿ ಮೇಜಿಗೆ ತಲೆಯಿಟ್ಟ. ಹತ್ತು ನಿಮಿಷದೊಳಗೆ ಮೊದಲ ಉತ್ತರ ಬಂತು. ಗ್ಯಾಸ್ ಸಿಲಿಂಡರು ತಂದುಕೊಡುವವನದು. "ನಂದೂ ಅದ ಹಣೆಬರಾ ಆಗೈತಿ ಅಣ್ಣಾ. ನೀ ಯಾರ ಹತ್ರ ಹೋಗೀದಿ, ಲಗೂ ಹೇಳು." ಮಾವ ಎರಡು ದಿನ ಮಾತಾಡಲಿಲ್ಲವಂತೆ. ಮೂರನೆಯ ದಿನ ಮಗಳ ಕೈಗೆ ಅಕ್ಕಿ ಚೀಲ ಕೊಟ್ಟು ಹೋದರಂತೆ. ಫೋಟೋ ಬಂತು, ಎಲ್ಲರೂ ಅಳಿಸಿದರು.

ಎಲ್ಲರದೂ ಹೀಗೆ ಆಗುತ್ತದೆ ಎಂದು ತಿಳಿಯಬೇಡಿ. ಕೆಲವರು ಒಮ್ಮೆ ಬಂದು ಮತ್ತೆ ಬರಲಿಲ್ಲ. ಅವರ ವಾರದ ಹಾಳೆಗಳು ಕಪಾಟಿನಲ್ಲಿ ಇನ್ನೂ ಇವೆ.

ಇನ್ನು ನನ್ನ ದೊಡ್ಡ ತಪ್ಪಿಗೆ ಬರುತ್ತೇನೆ. ಇದನ್ನು ಬರೆಯದಿದ್ದರೆ ಮೇಲಿನದೆಲ್ಲ ಬರೆದು ಪ್ರಯೋಜನವಿಲ್ಲ.

ಮೂರು ವರ್ಷದ ಹಿಂದಿನ ಮಾತು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಧಾರಣೆ ಬಿದ್ದಿತ್ತು. ಬೆಲೆ ಬರಲಿ ಎಂದು ಎಲ್ಲರೂ ಮಾಲನ್ನು ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟು ಕೂತರು. ಚೀಲ ಬಿಚ್ಚದಿದ್ದರೆ ತೊಟ್ಟು ಬಿಡಿಸುವ ಹೆಂಗಸರಿಗೆ ಕೆಲಸವಿಲ್ಲ, ಹೊರುವ ಹಮಾಲರಿಗೂ ಇಲ್ಲ. ರತ್ನವ್ವ ತೊಟ್ಟು ಬಿಡಿಸುವಾಕೆ, ಗಂಡ ಬಸಪ್ಪ ಹಮಾಲ. ಮಗಳು ಪಿಯುಸಿ ಎರಡನೆಯ ವರ್ಷ. ಪರೀಕ್ಷೆಗೆ ಒಂದು ತಿಂಗಳಿತ್ತು. ವಾರಕ್ಕೆ ಆರು ದಿನ ಇದ್ದ ಕೆಲಸ ಎರಡು ದಿನಕ್ಕೆ ಇಳಿದಾಗ ರತ್ನವ್ವ ಬಸ್ಸು ಹತ್ತಿ ಹಾವೇರಿಗೆ ಬಂದಳು. ಚೀಲ ತೆರೆದರೆ ಖಾರದ ಘಾಟು. ನಾನು ಸೀನಿದೆ. ಅಷ್ಟು ದುಃಖದಲ್ಲೂ ಆಕೆ, "ಮೆಣಸಿನಕಾಯಿ ಮಂದಿ ಸಾಲಾನೂ ಖಾರ ಇರ್ತಾವ್ರಿ ಸಾಹೇಬ್ರ," ಎಂದು ನಕ್ಕಳು.

ನಾಲ್ಕು ಸಾಲ, ನಾಲ್ಕೂ ಸಂಘದ ಸಾಲ. ಹತ್ತು ಹೆಂಗಸರು ಕೂಡಿ ಒಂದು ಗುಂಪು, ಒಬ್ಬರಿಗೊಬ್ಬರು ಜಾಮೀನು, ವಾರಕ್ಕೊಮ್ಮೆ ಕಂತು. ಆಪಾ ಏಳು ಚೌಕ ಬರೆದರು. ಸೋಮ, ಮಂಗಳ, ಬುಧ, ಶುಕ್ರ ತುಂಬಿದವು. ಆಮೇಲೆ ನಾಲ್ಕು ಕಂತಿನ ಕಾರ್ಡುಗಳನ್ನು ಸಾಲಾಗಿ ಇಟ್ಟು ನೋಡುತ್ತ ಕೂತರು.

"ರತ್ನವ್ವಾ, ಈ ಮೂರು ಕಾರ್ಡಿನಾಗ ನಡುನಡುವ ಹಲ್ಲ ಬಿದ್ದಾವು. ಒಂದ್ ವಾರ ಕಟ್ಟಿ, ಒಂದ್ ವಾರ ಬಿಟ್ಟಿ. ಬುಧವಾರದ್ದು ನೋಡು, ವರ್ಷಾನಗಟ್ಟಲೆ ಒಂದೂ ತಪ್ಪಿಲ್ಲ. ಆರು ವಾರದಿಂದ ಮಾತ್ರ ಒಂದೂ ಇಲ್ಲ. ಯಾಕವಾ?"

ರತ್ನವ್ವ ಸೆರಗಿನ ಅಂಚು ತಿರುವಿದಳು. "ಅದು ನಂದಲ್ರಿ ಆಪಾ."

ಅದು ಶಾಂತಕ್ಕನದು. ಬುಧವಾರದ ಸಂಘದ ಮುಖ್ಯಸ್ಥೆ, ರತ್ನವ್ವನ ಎದುರು ಮನೆಯಾಕೆ. ಶಾಂತಕ್ಕನ ಮೊದಲಿನ ಸಾಲ ನಡೆಯುತ್ತಿದ್ದುದರಿಂದ ಸಂಘಕ್ಕೆ ಸಾಲ ಕೊಡುವ ಕಂಪನಿ ಎರಡನೆಯದನ್ನು ಕೊಟ್ಟಿರಲಿಲ್ಲ. ಖಾರದ ಪುಡಿ ಕುಟ್ಟುವ ಮಷಿನ್ ಹಾಕುವ ಆಸೆ ಆಕೆಗೆ. "ನಿನ್ನ ಹೆಸರಿಗೆ ತೆಗದು ಕೊಡವಾ, ಕಂತು ನಾ ಕಟ್ತೇನಿ" ಎಂದಿದ್ದಳು. ಕಟ್ಟಿದ್ದಳು ಕೂಡ, ಒಂದು ವಾರವೂ ತಪ್ಪದೆ. ಪುಡಿ ಕೊಳ್ಳುವವರು ಕಡಿಮೆಯಾದ ಮೇಲೆ ನಿಂತಿತು.

"ಕಾಗದ ಏನಾದ್ರೂ ಮಾಡಿಕೊಂಡೀರೇನು?" ಎಂದೆ.

"ಅಕ್ಕ-ತಂಗ್ಯಾರ ನಡುವ ಎಂಥಾ ಕಾಗದಾರಿ?"

ಸಹಿ ರತ್ನವ್ವನದು, ಸಾಲ ರತ್ನವ್ವನದು. ಕಾನೂನಿನ ಮಟ್ಟಿಗೆ ಮುಗಿಯಿತು. ಆಪಾ ಹಾಗೆ ಮುಗಿಸಲಿಲ್ಲ. ಅವರಿಗೆ ಆ ವಾರ ಹುಬ್ಬಳ್ಳಿಯಲ್ಲಿ ತಂಗಿಯ ಮಗಳ ಮದುವೆಯಿತ್ತು. ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದರು: "ವಕೀಲಾ, ನಾ ಬರೂತನಕ ಬ್ಯಾಡಗಿ ಕಡೆ ಹೋಗಬ್ಯಾಡ. ಅದರಾಗ ಬುಧವಾರ ಅಂತೂ ಬ್ಯಾಡ."

ನಾನು ಬುಧವಾರವೇ ಹೋದೆ.

ಯಾಕೆ ಹೋದೆ ಎಂದರೆ, ನನ್ನ ಬಳಿ ಒಳ್ಳೆಯ ವಾದಗಳಿದ್ದವು. ಒಂದು ಮನೆಯ ಆದಾಯದ ಅರ್ಧಕ್ಕಿಂತ ಹೆಚ್ಚು ಕಂತಿಗೇ ಹೋಗುವಂತೆ ಸಾಲ ಕೊಡಬಾರದು ಎಂಬ ನಿಯಮವಿದೆ. ಒಬ್ಬಾಕೆ ಕಟ್ಟಲಿಲ್ಲವೆಂದು ಉಳಿದವರನ್ನು ಎಬ್ಬಿಸದೆ ಕೂರಿಸುವುದು ಕಿರುಕುಳ. ಇವನ್ನೆಲ್ಲ ಬರೆದಿಟ್ಟುಕೊಂಡಿದ್ದೆ. ಒಳ್ಳೆಯ ವಾದ ಜೇಬಿನಲ್ಲಿದ್ದಾಗ ಸುಮ್ಮನೆ ಕೂರುವುದು ಎಷ್ಟು ಕಷ್ಟ ಎಂದು ಚರ್ಚೆ ಮಾಡಿದವರಿಗೇ ಗೊತ್ತು.

ಶಾಂತಕ್ಕನ ಪಡಸಾಲೆಯಲ್ಲಿ ಚಾಪೆ ಹಾಸಿತ್ತು. ಹತ್ತು ಹೆಂಗಸರು ಎರಡು ಸಾಲಾಗಿ ಕೂತಿದ್ದರು. ಕಂತು ವಸೂಲಿಗೆ ಬರುವ ಪ್ರವೀಣ ಕರ್ಜಗಿಯವನು, ಮದುವೆಯಾಗಿ ಎರಡು ಮಕ್ಕಳ ತಂದೆ, ಸಭ್ಯ ಮನುಷ್ಯ. ರತ್ನವ್ವನ ಕಂತು ಬಂದಿಲ್ಲ, ಹಾಗಾಗಿ ಯಾರೂ ಏಳುವಂತಿಲ್ಲ ಎಂದು ಕೂತಿದ್ದ. ನಾನು ಬಾಗಿಲಲ್ಲಿ ನಿಂತು ಶುರುಮಾಡಿದೆ. ನಿಯಮ, ಅದರ ಅರ್ಥ, ಅದನ್ನು ಮುರಿದರೆ ಏನಾಗುತ್ತದೆ. ನಾಲ್ಕೇ ನಿಮಿಷ.

ಪ್ರವೀಣ ಬೆವರು ಒರೆಸಿಕೊಂಡ. "ಸರ್, ನಾ ಏನ್ ಮಾಡ್ಲ್ರಿ, ಮ್ಯಾಲಿನವರು ಹಂಗ ಹೇಳ್ಯಾರ. ಆತ್ ಬಿಡ್ರಿ. ನಾ ಹೊಂಟೆ. ಉಳದವರೂ ಏಳ್ರಿ," ಎಂದು ಚೀಲ ಕಟ್ಟತೊಡಗಿದ.

ಗೆದ್ದಿದ್ದೆ. ಅಲ್ಲಿಗೆ ನಿಲ್ಲಿಸಿದ್ದರೆ ಗೆದ್ದೇ ಇರುತ್ತಿದ್ದೆ. ಆದರೆ ಕೊನೆಯ ಪೆಟ್ಟು ಕೊಡದೆ ವೇದಿಕೆಯಿಂದ ಇಳಿದು ಅಭ್ಯಾಸವಿಲ್ಲ ನನಗೆ.

"ಇನ್ನೊಂದು ಮಾತು. ಈ ಸಾಲ ರತ್ನವ್ವಂದ ಅಲ್ಲ. ಇದರ ರೊಕ್ಕ ತೊಗೊಂಡಾಕಿ ಇಲ್ಲೇ ಕುಂತಾಳ. ಶಾಂತಕ್ಕ."

ಶಾಂತಕ್ಕ ಎದ್ದು ನಿಂತಳು. ಐವತ್ತರ ಹತ್ತಿರದ ಎತ್ತರದ ಹೆಂಗಸು.

"ಯಾರಪಾ ನೀ? ಸಹಿ ಯಾರದೈತಿ ಅದರ ಮ್ಯಾಲ? ನಂದು ಐತೇನು? ಕಾಗದ ತೋರಿಸು. ಕಾಗದ ಇಲ್ದ ಮಾತಾಡೂದು ಯಾವ ಕಾನೂನಪಾ?"

ನನ್ನದೇ ಮಾತು. ಕೇಂದ್ರದಲ್ಲಿ ರತ್ನವ್ವನಿಗೆ ನಾನೇ ಕೇಳಿದ್ದು. ಪ್ರವೀಣ ಮತ್ತೆ ಕೂತು ಪುಸ್ತಕ ತೆರೆದ. ಒಬ್ಬರ ಹೆಸರಿನ ಸಾಲ ಇನ್ನೊಬ್ಬರ ಕೈಗೆ ಹೋಗಿದೆ ಎಂದು ಗೊತ್ತಾದರೆ ಇಡೀ ಸಂಘಕ್ಕೆ ಮುಂದಿನ ಸಾಲ ನಿಲ್ಲುತ್ತದೆ. ಅವನು ವರದಿ ಮಾಡಲೇಬೇಕು. ಹೆಂಗಸರು ನನ್ನ ಕಡೆ ನೋಡಲಿಲ್ಲ. ರತ್ನವ್ವನ ಕಡೆ ತಿರುಗಿದರು.

"ಹೊರಗಿನವನ್ನ ಕರಕೊಂಡ್ ಬಂದು ಓಣಿ ಮರ್ಯಾದಿ ತೆಗದೆಲ್ಲ ಬೇ!"

"ನಮ್ಮ ಹೊಟ್ಟಿ ಮ್ಯಾಲ ಯಾಕ ಕಲ್ಲ ಹಾಕಿದಿ?"

ರತ್ನವ್ವ ನನ್ನನ್ನು ಒಮ್ಮೆ ನೋಡಿದಳು. ಬೈಯಲಿಲ್ಲ. ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಶುಕ್ರವಾರ ಆಪಾ ಬಂದರು. ಎಲ್ಲವನ್ನೂ ಹೇಳಿದೆ. ಸಮರ್ಥನೆಯನ್ನೂ ಸೇರಿಸಿಯೇ ಹೇಳಿದೆ ಎಂದು ಒಪ್ಪಿಕೊಳ್ಳುತ್ತೇನೆ: ನಾನು ಹೇಳಿದ್ದರಲ್ಲಿ ಸುಳ್ಳು ಯಾವುದು? ಆಪಾ ಪರ್ಸು ತೆಗೆದುಕೊಂಡು, "ನಡಿ, ಬಸ್ ಹಿಡಿಯೂಣು," ಎಂದರು. ಅವರು ಬೈದಿದ್ದರೆ ಚೆನ್ನಾಗಿತ್ತು, ಎದುರುತ್ತರ ತಯಾರಿತ್ತು.

ರತ್ನವ್ವನ ಮನೆಯಲ್ಲಿ ಮೂರು ಗಂಟು ಕಟ್ಟಿದ್ದವು. ಪಾತ್ರೆ, ಹಾಸಿಗೆ, ಬಟ್ಟೆ. ಬಸಪ್ಪ ಮಂಗಳೂರು ಕಡೆ ಕಟ್ಟಡ ಕೆಲಸಕ್ಕೆ ಯಾರನ್ನೋ ವಿಚಾರಿಸಲು ಹೋಗಿದ್ದ. ಮಗಳು ಗಂಟಿನ ಮೇಲೆಯೇ ಕೂತು ಲೆಕ್ಕಶಾಸ್ತ್ರದ ಪುಸ್ತಕ ಓದುತ್ತಿದ್ದಳು. ಊರು ಬಿಟ್ಟರೆ ಪರೀಕ್ಷೆಯೂ ಹೋಯಿತು.

"ಎದುರು ಮನಿಯಾಕಿ ನನ್ನ ಮುಖ ನೋಡಂಗಿಲ್ಲ. ನಳಕ್ಕ ಹೋದ್ರ ಎಲ್ಲಾರೂ ಕೊಡಾ ತೊಗೊಂಡು ಸರೀತಾರ," ಎಂದಳು ರತ್ನವ್ವ. "ಸಾಲದಾಗ ಇರಬಹುದ್ರಿ ಆಪಾ. ಹಿಂಗ ಹೆಂಗ ಇರೂದು?"

ಆಪಾ ಗಂಟುಗಳನ್ನು ನೋಡಿದರು. "ಮುಂದಿನ ಬುಧವಾರತನ ಇವನ್ನ ಬಿಚ್ಚಬ್ಯಾಡ. ಹೊರಬ್ಯಾಡ. ಇಲ್ಲೇ ಇರ್ಲಿ. ಬುಧವಾರ ದಾಟಿದ ಮ್ಯಾಲ ನಿನ್ನ ಇಚ್ಛಾ."

ಹೊರಗೆ ಬಂದು ನನಗೆ ಹೇಳಿದರು: "ಎಂಟು ಮನಿ ಅದಾವು, ರತ್ನವ್ವಂದು ಶಾಂತಕ್ಕಂದು ಬಿಟ್ಟು. ಒಂದೊಂದ ಬಾಗಲಾ ಬಡಿ. ತಪ್ಪಾತ್ರಿ, ಅನ್ನು. ಅದರ ಮ್ಯಾಲ ಒಂದ ಶಬ್ದ ಮಾತಾಡಿದ್ರ ಅಲ್ಲಿಂದನ ಹಾವೇರಿ ಬಸ್ ಹತ್ತಿಬಿಡು."

ಎಂಟು ಬಾಗಿಲು ಬಡಿದೆ. ಮೊದಲನೆಯದು ಮುಖದ ಮೇಲೆ ಮುಚ್ಚಿತು. ಎರಡನೆಯದರಲ್ಲಿ, "ಸಾಹೇಬ್ರ, ಬಾಯಿ ಎಲ್ಲಿ ಇಟ್ಟ ಬಂದೀರಿ ಇವತ್ತ?" ಎಂದರು. ಐದನೆಯ ಮನೆಯ ಅಜ್ಜಿ ತಪ್ಪಾಯಿತು ಎಂದದ್ದನ್ನು ಕೇಳಿಸದವಳಂತೆ ಮೂರು ಸಲ ಹೇಳಿಸಿ, ಆಮೇಲೆ ಒಂದು ಲೋಟ ನೀರು ಕೊಟ್ಟಳು. ಎಂಟನೆಯ ಮನೆ ಮುಗಿಯುವ ಹೊತ್ತಿಗೆ ಒಂದು ವಿಷಯ ಅರ್ಥವಾಗಿತ್ತು: ಆ ಎಂಟು ಮನೆಗಳಲ್ಲಿ ಎರಡರಲ್ಲಿ ಮಧ್ಯಾಹ್ನದ ಒಲೆ ಹೊತ್ತಿರಲಿಲ್ಲ. ವೇದಿಕೆಯ ಮೇಲಿಂದ ಇದು ಕಂಡಿರಲಿಲ್ಲ.

ಆಪಾ ಅಷ್ಟರಲ್ಲಿ ಶಾಂತಕ್ಕನ ಪಡಸಾಲೆಯಲ್ಲಿದ್ದರು. ನಾನು ಮೆಟ್ಟಿಲ ಮೇಲೆ, ಗೋಡೆಯ ಈ ಕಡೆ ಕೂತೆ. ಶಾಂತಕ್ಕ ತೊಟ್ಟು ಬಿಡಿಸುತ್ತಿದ್ದಳು. ಆಪಾ ಎದುರು ಕೂತು ತಾವೂ ಬಿಡಿಸತೊಡಗಿದ್ದರು. ಮೂಲೆಯಲ್ಲಿ ಮಷಿನ್ ಹಳೆಯ ಸೀರೆ ಹೊದ್ದು ನಿಂತಿತ್ತು. ಒಂದು ತಾಸು ಇಬ್ಬರೂ ಮೆಣಸಿನಕಾಯಿಯ ಬಣ್ಣದ ಬಗ್ಗೆ, ಆಪಾ ನೋಡಿ ಬಂದ ಮದುವೆಯ ಊಟದ ಬಗ್ಗೆ ಮಾತನಾಡಿದರು. ಸಾಲದ ಸುದ್ದಿಯೇ ಇಲ್ಲ. ನನಗೆ ಮೈ ಉರಿಯುತ್ತಿತ್ತು. ಮುಖ್ಯ ವಿಷಯ ಎಲ್ಲಿ?

ಆಮೇಲೆ ಆಪಾ ಪರ್ಸಿನಿಂದ ಕ್ಯಾಲೆಂಡರಿನ ಹಾಳೆ ತೆಗೆದದ್ದು ಕೇಳಿಸಿತು.

"ಶಾಂತವ್ವಾ, ನಿಂದೂ ಒಂದು ಬರಿಯೂಣು. ನಿನಗೂ ತ್ರಾಸ ಐತಿ, ಮಷಿನ್ ನೋಡಿದ್ರ ಗೊತ್ತಾಗ್ತೈತಿ. ಹೇಳು, ಸೋಮವಾರ ಯಾರ್ ಬರ್ತಾರ?"

ಆಗ ನನಗೆ ಹೊಳೆಯಿತು. ನಾನು ಆ ಪಡಸಾಲೆಗೆ ಒಬ್ಬ ಕಕ್ಷಿದಾರಳನ್ನೂ ಒಬ್ಬ ಎದುರಾಳಿಯನ್ನೂ ಕಟ್ಟಿಕೊಂಡು ಹೋಗಿದ್ದೆ. ಆಪಾ ಕಂಡದ್ದು ಸಾಲದಲ್ಲಿ ಸಿಕ್ಕ ಇಬ್ಬರು ಹೆಂಗಸರನ್ನು.

ಸೋಮವಾರ ಆಯಿತು, ಮಂಗಳವಾರ ಆಯಿತು. ಬುಧವಾರದ ಚೌಕ ಬಂದಾಗ ಶಾಂತಕ್ಕನ ಮಾತು ನಿಂತಿತು. ಮೆಣಸಿನಕಾಯಿಯ ತೊಟ್ಟು ಮುರಿಯುವ ಸಪ್ಪಳವೂ ನಿಂತಿತು. ಆಪಾ ಕೇಳಲಿಲ್ಲ, ಕೆಮ್ಮಲಿಲ್ಲ. ಆ ಮೌನ ಎಷ್ಟು ಹೊತ್ತಿತ್ತೋ ಗೊತ್ತಿಲ್ಲ, ನಾನು ಮೂರು ಸಲ ಬಾಯಿ ತೆರೆದು ಮೂರು ಸಲ ಮುಚ್ಚಿದೆ.

"ಬುಧವಾರ... ಎರಡ ಅದಾವ್ರಿ ಆಪಾ," ಎಂದಳು ಶಾಂತಕ್ಕ.

ನೋಡಿದೆಯಾ ಎಂದು ಆಪಾ ಚುಚ್ಚಲಿಲ್ಲ. "ಎರಡು," ಎಂದು ಬರೆದುಕೊಂಡರು. "ಗುರುವಾರ?"

ಹಾಳೆ ಮುಗಿದ ಮೇಲೆ ಇಷ್ಟು ಹೇಳಿದರು: "ಇದು ನನ್ನ ಬಾಯಿಂದ ಹೊರಗ ಬೀಳೂದಿಲ್ಲ. ಹೇಳೂದಿದ್ರ ನೀನ ಹೇಳಬೇಕು. ನಾಳೆ ನಾ ರಾಣೆಬೆನ್ನೂರಿಗೆ ಹೋಗಿ ಕಂಪನಿ ಮ್ಯಾನೇಜರನ್ನ ಕೇಳ್ತೇನಿ, ಕಂತು ಅರ್ಧ ಮಾಡ್ರಿ, ಮುದ್ದತು ಉದ್ದ ಮಾಡ್ರಿ ಅಂತ. ಮೆಣಸಿನಕಾಯಿ ಪ್ಯಾಟಿ ಬಿದ್ದದ್ದು ಅವರಿಗೂ ಗೊತ್ತೈತಿ. ಆದ್ರ ಅವರು ಕೇಳೂದು ಒಂದ: ಕಟ್ಟಾವರು ಯಾರು?"

ಆಪಾ ಹೇಳಿದ್ದ ಪ್ರಶ್ನೆಯನ್ನೇ ಮ್ಯಾನೇಜರು ಕೇಳಿದ. "ಬುಧವಾರ ಗೊತ್ತಾಗ್ತೈತಿ," ಎಂದರು ಆಪಾ. ಆ ಮನುಷ್ಯನ ಎದುರು ಆಪಾ ಒಂದೂ ನಿಯಮ ಹೇಳಲಿಲ್ಲ. ನಿಯಮಗಳ ಪ್ರತಿಯನ್ನು ಮಾತ್ರ ಮೇಜಿನ ಮೇಲೆ ಕಾಣುವಂತೆ ಇಟ್ಟು, ರತ್ನವ್ವನ ವಾರದ ಹಾಳೆಯಿಂದ ಎಷ್ಟು ಕಟ್ಟಲು ಸಾಧ್ಯ ಎಂದು ತೋರಿಸಿದರು. ಪ್ರವೀಣನ ವರದಿ ಅವನ ಮೇಜಿನ ಮೇಲೇ ಇತ್ತು. ಬುಧವಾರದ ಸಭೆಯಲ್ಲಿ ಅರ್ಧ ಕಂತಾದರೂ ಬಂದರೆ ವರದಿಯನ್ನು ಮುಂದಕ್ಕೆ ಕಳಿಸುವುದಿಲ್ಲ, ಮುದ್ದತನ್ನೂ ಬೆಳೆಸುತ್ತೇನೆ ಎಂದ. ಬರದಿದ್ದರೆ ಸಂಘವೇ ರದ್ದು.

ಬುಧವಾರ ಬ್ಯಾಡಗಿಯ ಬಸ್ ನಿಲ್ದಾಣದಲ್ಲಿ ಇಳಿದ ತಕ್ಷಣ ಆಪಾ ಒಂದು ಪೊಟ್ಟಣ ಹುರಿದ ಶೇಂಗಾ ಕೊಂಡು ನನ್ನ ಕೈಗಿಟ್ಟರು. "ಬಾಯಾಗ ಹಾಕ್ಕೋ. ಸಭಾ ಮುಗಿಯೂತನಕ ಬಾಯಿ ಖಾಲಿ ಇರಬಾರದು."

ನಾನು ಪಡಸಾಲೆಯ ಹೊರಗೆ ಕಿಟಕಿಯ ಹತ್ತಿರ ನಿಂತು ಶೇಂಗಾ ಅಗಿದೆ. ಒಳಗೆ ಪ್ರವೀಣ ಹೆಸರು ಕೂಗುತ್ತಿದ್ದ. ಒಬ್ಬೊಬ್ಬರೇ ಚಾಪೆಯ ಮೇಲೆ ಹಣ ಇಟ್ಟರು. ರತ್ನವ್ವ ಕೊನೆಯ ಸಾಲಿನಲ್ಲಿ, ಯಾರಿಗೂ ಮೈ ತಾಗದಂತೆ ಕೂತಿದ್ದಳು. ಅವಳ ಮನೆಯ ತೆರೆದ ಬಾಗಿಲಿನಿಂದ ಮೂರು ಗಂಟುಗಳು ಕಾಣುತ್ತಿದ್ದವು.

"ರತ್ನವ್ವ ಬಸಪ್ಪ," ಎಂದ ಪ್ರವೀಣ.

ಯಾರೂ ಅಲ್ಲಾಡಲಿಲ್ಲ. ನಾನು ಅಗಿಯುವುದನ್ನು ನಿಲ್ಲಿಸಿದೆ. ನನ್ನ ತಲೆಯಲ್ಲಿ ಆಗಲೇ ಐದು ವಾಕ್ಯ ಸಿದ್ಧವಾಗಿದ್ದವು. ಆಪಾ ಒಳಗಿನಿಂದಲೇ ಕಿಟಕಿಯ ಕಡೆ ನೋಡಿದರು. ಇನ್ನೊಂದು ಹಿಡಿ ಬಾಯಿಗೆ ಹಾಕಿಕೊಂಡೆ.

ಶಾಂತಕ್ಕ ಎದ್ದಳು. ಸೊಂಟದಿಂದ ಹಣ ತೆಗೆದು ಚಾಪೆಯ ಮೇಲೆ ಇಟ್ಟಳು. ಅರ್ಧ ಕಂತು, ಹೊಸ ಒಪ್ಪಂದದ ಪ್ರಕಾರ. "ಇದು ನಂದು," ಎಂದಳು. "ಹಿಂದಿನ ವಾರ ಈ ಓಣ್ಯಾಗ ಸುಳ್ಳ ಹೇಳಿದಾಕಿ ನಾ. ರತ್ನಿ ಅಲ್ಲ."

ಪ್ರವೀಣ ಪೆನ್ನು ಹಿಡಿದು ಗೊಂದಲದಲ್ಲಿ ಬಿದ್ದ. "ಯಕ್ಕಾ, ಯಾರ ಹೆಸರಿಗೆ ಬರ್ಕೋಬೇಕ್ರಿ?"

ಕೊನೆಯ ಸಾಲಿನಿಂದ ರತ್ನವ್ವ ಅಂದಳು: "ನನ್ನ ಹೆಸರಿಗೇ ಬರ್ಕೋ ತಮ್ಮಾ. ರೊಕ್ಕ ಅಕೀದು, ಹೆಸರು ನಂದು. ನಡೀತೈತಿ."

ನಾನು ಯಾವ ವೇದಿಕೆಯ ಮೇಲೂ ಇಷ್ಟು ಒಳ್ಳೆಯ ಕೊನೆಯ ಮಾತು ಕೇಳಿಲ್ಲ. ಐದನೆಯ ಮನೆಯ ಅಜ್ಜಿ ಸ್ವಲ್ಪ ಸರಿದು ಚಾಪೆ ತಟ್ಟಿ, "ಅಲ್ಲಿ ಯಾಕ್ ಕುಂತಿ, ಈ ಕಡೆ ಬಾ," ಎಂದಳು. ರತ್ನವ್ವ ಹೋಗಿ ಕೂತಳು. ಸಭೆ ಮುಗಿದಾಗ ಮಗಳು ಒಬ್ಬಳೇ ಗಂಟು ಬಿಚ್ಚಲು ಒದ್ದಾಡುತ್ತಿದ್ದಳು. ಗಟ್ಟಿಯಾಗಿ ಕಟ್ಟಿದ್ದರು. ನಾನೂ ಬಸಪ್ಪನೂ ಕೈ ಹಾಕಿದೆವು. ಅವಳು ಪರೀಕ್ಷೆ ಬರೆದಳು. ಪಾಸಾದಳು.

ಈಗ ಕಾನೂನು ಇನ್ನೂ ಬಲವಾಗಿದೆ. ಬಲವಂತದ ವಸೂಲಿ ಅಪರಾಧ. ನೀವು ಅದನ್ನು ಬಾಯಿಪಾಠ ಮಾಡಿರಬೇಕು, ಬೇಕಾದಾಗ ಮುಲಾಜಿಲ್ಲದೆ ಬಳಸಬೇಕು. ನಾನು ಬಳಸಿದ್ದೇನೆ, ಇನ್ನು ಮುಂದೆ ಕರಿಕೋಟು ಹಾಕಿಕೊಂಡು ಬಳಸುತ್ತೇನೆ. ಆದರೆ ಮ್ಯಾನೇಜರನ ಮೇಜಿನ ಮೇಲೆ ಕಾನೂನು ಒಂದು ಕೆಲಸ ಮಾಡುತ್ತದೆ, ಓಣಿಯ ಚಾಪೆಯ ಮೇಲೆ ಬೇರೆಯೇ ಕೆಲಸ ಮಾಡುತ್ತದೆ.

ಬಸ್ಸಿನಲ್ಲಿ ವಾಪಸ್ ಬರುವಾಗ ಆಪಾ ಅವರನ್ನು ಕೇಳದೆ ಇರಲಾಗಲಿಲ್ಲ. ಒಂದೇ ಒಂದು ಉದಾಹರಣೆಯಿಂದ ಸಿದ್ಧಾಂತ ಕಟ್ಟುವವನಲ್ಲ ನಾನು.

"ಆಪಾ, ಶಾಂತಕ್ಕ ಇವತ್ತು ಹೇಳದಿದ್ರ? ಏನ್ ಮಾಡ್ತಿದ್ರಿ?"

ಅವರು ಉಳಿದ ಶೇಂಗಾ ಕಾಳುಗಳನ್ನು ಅಂಗೈಯಲ್ಲಿ ಉಜ್ಜಿ ಸಿಪ್ಪೆ ಊದುತ್ತಿದ್ದರು. "ಮುಂದಿನ ಬುಧವಾರ ಮತ್ತ ಬರ್ತಿದ್ದೆ."

ಇದಕ್ಕೆ ವಿರುದ್ಧ ವಾದವೊಂದನ್ನು ಮೂರು ವರ್ಷದಿಂದ ಹುಡುಕುತ್ತಿದ್ದೇನೆ. ಸಿಕ್ಕಿಲ್ಲ. ಆಪಾ ಈಗಲೂ ಅದೇ ಕೋಣೆಯಲ್ಲಿದ್ದಾರೆ. ನಿಮಗೆ ಮೊದಲ ದಿನ ಚಹಾ ಹೇಳಿ ಬರಲು ಕಳಿಸುತ್ತಾರೆ. ಹೋಗ್ರಿ. ಕುರ್ಚಿಯ ಬಲಗಡೆಯ ಖಾನೆಯಲ್ಲಿ ಹಳೆಯ ಕ್ಯಾಲೆಂಡರುಗಳಿವೆ. ಅವುಗಳ ಪಕ್ಕದಲ್ಲಿ ಒಂದು ಪೊಟ್ಟಣ ಶೇಂಗಾ ಇಟ್ಟು ಬಂದಿದ್ದೇನೆ.